ಔಟ್‌ಲೆಟ್ ವಿನ್ಯಾಸ ನದಿಯಿಂದ ಶುರುವಾಗಲಿ: ಸುರಂಗ ಮತ್ತು ಕೊಳವೆಯ ನೀರು ಹೊರಬೀಳುವ ಜಾಗ ಕಟ್ಟುವ ಬಗೆ

ಸುರಂಗದ ವಿನ್ಯಾಸ ಅಂದ ಕೂಡಲೇ ಎಲ್ಲರ ಗಮನ ಮೇಲ್ತುದಿಗೆ ಹೋಗುತ್ತದೆ. ನೀರು ಒಳಗೆ ಹೇಗೆ ಬರಬೇಕು, ಗೇಟು ಎಲ್ಲಿರಬೇಕು, ಒಳಗಿನ ಕಾಂಕ್ರೀಟು ಎಷ್ಟು ದಪ್ಪ ಇರಬೇಕು, ಇದೇ ಮಾತು. ನೀರು ಹೊರಬೀಳುವ ತುದಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಹಣವೂ ಮುಗಿದಿರುತ್ತದೆ. ಹಳೆಯ ಡ್ರಾಯಿಂಗಿನಿಂದ ಒಂದು ಬೇಸಿನ್ (ನೀರಿನ ರಭಸ ತಗ್ಗಿಸುವ ಕಾಂಕ್ರೀಟಿನ ತೊಟ್ಟಿ) ಎತ್ತಿ ಕೊನೆಗೆ ಸೇರಿಸಿಬಿಡುತ್ತಾರೆ.

ಇಂಥ ಡ್ರಾಯಿಂಗ್‌ಗಳನ್ನು ಪರಿಶೀಲಿಸುವುದು ನನ್ನ ಕೆಲಸದ ದೊಡ್ಡ ಪಾಲು. ನಾನು ಹಾಳೆಗಳನ್ನು ಹಿಂದಿನಿಂದ ನೋಡುತ್ತೇನೆ. ಮೊದಲು ನದಿ, ಆಮೇಲೆ ಬೇಸಿನ್, ಕೊನೆಗೆ ಸುರಂಗ. ವಿನ್ಯಾಸವನ್ನೂ ಇದೇ ಕ್ರಮದಲ್ಲಿ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೇಲಿನ ಜಲಾಶಯ ಎಷ್ಟು ಶಕ್ತಿ ಕಳಿಸುತ್ತದೆ ಅನ್ನುವುದು ಮಾತ್ರ ಮೇಲಿನಿಂದ ಗೊತ್ತಾಗುತ್ತದೆ. ಆ ಶಕ್ತಿ ಬೇಸಿನ್ನಿನಲ್ಲೇ ಸಾಯುತ್ತದೋ, ನದಿಗೆ ಹೋಗಿ ದಂಡೆ ಕೊರೆಯುತ್ತದೋ ಅನ್ನುವುದನ್ನು ಕೆಳಗಿನ ನೀರು ತೀರ್ಮಾನಿಸುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. 1.2 ಮೀಟರ್ ವ್ಯಾಸದ ಕೊಳವೆ, ಸೆಕೆಂಡಿಗೆ 10 ಘನ ಮೀಟರ್ ನೀರು. ಸಣ್ಣ ಔಟ್‌ಲೆಟ್ಟೇ. ಆದರೆ ದೊಡ್ಡದರಲ್ಲಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರಲ್ಲೂ ಬರುತ್ತವೆ.

ಎಷ್ಟು ಶಕ್ತಿ ಹೊರಗೆ ಬರುತ್ತಿದೆ?

ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ 1.13 ಚದರ ಮೀಟರ್. ಹಾಗಾಗಿ ವೇಗ ಸೆಕೆಂಡಿಗೆ 8.84 ಮೀಟರ್. ವೇಗದ ವರ್ಗವನ್ನು 19.62ರಿಂದ (ಗುರುತ್ವದ ಎರಡು ಪಟ್ಟು) ಭಾಗಿಸಿದರೆ ವೇಗದ ಹೆಡ್, ಅಂದರೆ ನೀರಿನ ಎತ್ತರದಲ್ಲಿ ಹೇಳಿದ ಶಕ್ತಿ ಸಿಗುತ್ತದೆ, ಸುಮಾರು 4 ಮೀಟರ್. ಇದನ್ನು ಶಕ್ತಿಯ ಲೆಕ್ಕಕ್ಕೆ ತನ್ನಿ: 10 ಘನ ಮೀಟರ್, 4 ಮೀಟರ್ ಹೆಡ್, ಗುರುತ್ವ 9.81. ಸುಮಾರು 390 ಕಿಲೋವಾಟ್ ಬರುತ್ತದೆ. ಗೇಟು ತೆರೆದಿರುವ ಪ್ರತಿ ಕ್ಷಣವೂ ಇಷ್ಟು ಶಕ್ತಿ ಕಾಂಕ್ರೀಟಿನ ಒಂದು ಸಣ್ಣ ಡಬ್ಬದೊಳಗೆ ಕರಗಬೇಕು. ಈ ಸಂಖ್ಯೆಯನ್ನು ನಾನು ಡ್ರಾಯಿಂಗಿನ ಮೇಲೇ ಬರೆಸುತ್ತೇನೆ. ವೇಗ ಮಾತ್ರ ಬರೆದಿದ್ದರೆ ಯಾರಿಗೂ ಭಯ ಆಗುವುದಿಲ್ಲ. ಕಿಲೋವಾಟ್ ಬರೆದರೆ ತಳಹಾಸಿನ ದಪ್ಪದ ಬಗ್ಗೆ ತಾನಾಗಿಯೇ ಪ್ರಶ್ನೆ ಬರುತ್ತದೆ.

ವೇಗ ಎರಡರಷ್ಟಾದರೆ ಹೆಡ್ ನಾಲ್ಕರಷ್ಟು ಆಗುತ್ತದೆ ಅಲ್ವಾ? ಅದಕ್ಕೇ ಸೆಕೆಂಡಿಗೆ 8 ಮೀಟರಿನ ಔಟ್‌ಲೆಟ್ಟನ್ನು ಸುಮ್ನೆ ಹಿಗ್ಗಿಸಿ 16 ಮೀಟರಿನ ಔಟ್‌ಲೆಟ್ ಮಾಡಲು ಬರುವುದಿಲ್ಲ. ಅದು ಬೇರೆಯೇ ರಚನೆ.

ಕೆಳಗಿನ ನೀರಿನ ಮಟ್ಟ: ಒಂದು ಸಂಖ್ಯೆ ಸಾಲದು

ಬೇಸಿನ್ನಿನ ಕೆಳಗೆ ನದಿಯಲ್ಲೋ ಕಾಲುವೆಯಲ್ಲೋ ನಿಲ್ಲುವ ನೀರಿನ ಮಟ್ಟಕ್ಕೆ ಟೈಲ್‌ವಾಟರ್ ಅನ್ನುತ್ತೇವೆ. ಹೆಚ್ಚಿನ ವಿನ್ಯಾಸ ವರದಿಗಳಲ್ಲಿ ಇದಕ್ಕೆ ಒಂದೇ ಒಂದು ಸಂಖ್ಯೆ ಇರುತ್ತದೆ. ಅದೂ ಪ್ರವಾಹದ ದಿನದ ಮಟ್ಟ. ನನಗೆ ಬೇಕಿರುವುದು ಒಂದು ರೇಖೆ: ಯಾವ ಹರಿವಿಗೆ ಯಾವ ಮಟ್ಟ, ಕನಿಷ್ಠದಿಂದ ಗರಿಷ್ಠದವರೆಗೆ.

ಈ ರೇಖೆ ಬರೆಯುವಾಗ ಮೂರು ಸಂದರ್ಭ ಬಿಟ್ಟುಹೋಗುತ್ತವೆ.

ಮೊದಲನೆಯದು, ನದಿ ಒಣಗಿರುವಾಗ ಔಟ್‌ಲೆಟ್ ಪೂರ್ತಿ ತೆರೆಯುವುದು. ಪ್ರವಾಹದಲ್ಲಿ ಕೋಡಿಯ ನೀರೂ ಹರಿಯುತ್ತಿರುತ್ತದೆ, ಹಾಗಾಗಿ ಟೈಲ್‌ವಾಟರ್ ಎತ್ತರದಲ್ಲಿರುತ್ತದೆ. ಬೇಸಿಗೆಯಲ್ಲಿ ಆ ನೀರು ಇಲ್ಲ. ಔಟ್‌ಲೆಟ್ ತನ್ನದೇ ನೀರಿನಿಂದ ಎಷ್ಟು ಮಟ್ಟ ಎಬ್ಬಿಸಿಕೊಳ್ಳುತ್ತದೋ ಅಷ್ಟೇ ಅದಕ್ಕೆ ಆಸರೆ.

ಎರಡನೆಯದು, ಗೇಟು ತೆರೆದ ಮೊದಲ ಹೊತ್ತು. ಗೇಟು ಕೆಲವೇ ನಿಮಿಷದಲ್ಲಿ ತೆರೆಯುತ್ತದೆ, ನದಿ ಅಷ್ಟು ಬೇಗ ತುಂಬುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಪೂರ್ತಿ ಹರಿವು, ಅರ್ಧ ಟೈಲ್‌ವಾಟರ್. ಇದಕ್ಕೆ ವಿನ್ಯಾಸದಲ್ಲೇ ಉತ್ತರ ಇರಬೇಕು: ತಳಹಾಸು ಇನ್ನಷ್ಟು ಆಳಕ್ಕೆ ಇಳಿಯಬೇಕು, ಇಲ್ಲವೇ ಗೇಟನ್ನು ಯಾವ ಹಂತಗಳಲ್ಲಿ ತೆರೆಯಬೇಕು ಅನ್ನುವುದನ್ನು ಬರೆದು ನಿರ್ವಾಹಕರ ಕೈಗೆ ಕೊಡಬೇಕು.

ಮೂರನೆಯದು, ಮುಂದಿನ ವರ್ಷಗಳು. ಜಲಾಶಯದಲ್ಲಿ ಹೂಳು ಕೂತುಬಿಡುತ್ತದೆ, ಹೊರಗೆ ಬರುವ ನೀರು ತಿಳಿ. ತಿಳಿನೀರು ನದಿಪಾತ್ರದ ಮರಳನ್ನು ಹೊತ್ತುಕೊಂಡು ಹೋಗುತ್ತದೆ, ಮೇಲಿನಿಂದ ಬದಲಿ ಮರಳು ಬರುವುದಿಲ್ಲ. ಪಾತ್ರ ಇಳಿಯುತ್ತದೆ, ಅದರ ಜೊತೆ ಟೈಲ್‌ವಾಟರೂ ಇಳಿಯುತ್ತದೆ. ಇವತ್ತು ಸರಿಯಾಗಿ ಕೆಲಸ ಮಾಡುವ ಬೇಸಿನ್ ಹತ್ತಿಪ್ಪತ್ತು ವರ್ಷದಲ್ಲಿ ಕೈಕೊಡಬಹುದು. ಕೆಳಗೆ ಎಲ್ಲಾದರೂ ಗಟ್ಟಿ ಬಂಡೆಯ ಅಡ್ಡಸಾಲು ಇದೆಯಾ, ನದಿಯನ್ನು ಹಿಡಿದು ನಿಲ್ಲಿಸುವಂಥದ್ದು? ಇದ್ದರೆ ನೆಮ್ಮದಿ. ಇಲ್ಲದಿದ್ದರೆ ಪಾತ್ರ ಎಷ್ಟು ಇಳಿಯಬಹುದು ಅಂತ ಅಂದಾಜು ಮಾಡಿ, ಆ ಇಳಿದ ಮಟ್ಟಕ್ಕೆ ವಿನ್ಯಾಸ ಮಾಡಿ. ಸ್ಥಳಕ್ಕೆ ಹೋದಾಗ ಔಟ್‌ಲೆಟ್ ಜಾಗ ನೋಡಿ ವಾಪಸ್ ಬರಬೇಡಿ. ನದಿಯ ಜೊತೆ ಕೆಳಗೆ ಒಂದಷ್ಟು ದೂರ ನಡೆಯಿರಿ.

ಜಂಪ್ ಲೆಕ್ಕ

ವೇಗದ ತೆಳು ಹರಿವು ನಿಧಾನದ ಆಳ ಹರಿವಾಗಿ ಒಮ್ಮೆಲೇ ಮೇಲೇಳುವುದೇ ಹೈಡ್ರಾಲಿಕ್ ಜಂಪ್. ಸ್ಟಿಲ್ಲಿಂಗ್ ಬೇಸಿನ್ ಅಂದರೆ ಈ ಜಂಪನ್ನು ಕಾಂಕ್ರೀಟಿನ ಮೇಲೇ ಹಿಡಿದಿಡುವ ಜಾಗ.

ನಮ್ಮ ಉದಾಹರಣೆಯಲ್ಲಿ ಬೇಸಿನ್ ಅಗಲ 4 ಮೀಟರ್ ಇರಲಿ. ಮೀಟರ್ ಅಗಲಕ್ಕೆ 2.5 ಘನ ಮೀಟರ್ ನೀರು. ತಳಹಾಸು ಕೊಳವೆಯ ತಳಕ್ಕಿಂತ ಸುಮಾರು 1 ಮೀಟರ್ ಕೆಳಗಿದ್ದರೆ, ಅಲ್ಲಿಗೆ ಬರುವಾಗ ವೇಗ ಸೆಕೆಂಡಿಗೆ 10 ಮೀಟರಿನ ಹತ್ತಿರ ಇರುತ್ತದೆ. ನೀರಿನ ಆಳ 0.25 ಮೀಟರ್. ಈಗ ಫ್ರೌಡ್ ಸಂಖ್ಯೆ, ಅಂದರೆ ಆಳಕ್ಕೆ ಹೋಲಿಸಿದರೆ ಹರಿವು ಎಷ್ಟು ವೇಗದ್ದು ಅನ್ನುವ ಅಳತೆ: 9.81ನ್ನು ಆಳದಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ವೇಗವನ್ನು ಭಾಗಿಸಿ. 6.4 ಬರುತ್ತದೆ.

ಜಂಪಿನ ನಂತರದ ಆಳಕ್ಕೆ ಸೂತ್ರ ಹೀಗೆ. ಫ್ರೌಡ್ ಸಂಖ್ಯೆಯ ವರ್ಗವನ್ನು 8ರಿಂದ ಗುಣಿಸಿ, 1 ಸೇರಿಸಿ, ವರ್ಗಮೂಲ ತೆಗೆಯಿರಿ. ಅದರಿಂದ 1 ಕಳೆದು, ಉಳಿದದ್ದನ್ನು ಮೊದಲಿನ ಆಳದ ಅರ್ಧದಿಂದ ಗುಣಿಸಿ. ನಮಗೆ ಬರುವುದು 2.14 ಮೀಟರ್. ಅಂದರೆ ತಳಹಾಸಿನ ಮೇಲೆ ಕನಿಷ್ಠ 2.14 ಮೀಟರ್ ನೀರು ನಿಂತಿದ್ದರೆ ಜಂಪ್ ಬೇಸಿನ್ನಿನಲ್ಲಿ ಕೂರುತ್ತದೆ. ಈ ಜಂಪಿನಲ್ಲಿ 5.35 ಮೀಟರ್ ಹೆಡ್ಡಿನಲ್ಲಿ 3.14 ಮೀಟರ್ ಕರಗುತ್ತದೆ, ನೂರಕ್ಕೆ ಸುಮಾರು 59.

ಫ್ರೌಡ್ ಸಂಖ್ಯೆ 4.5ರಿಂದ 9ರವರೆಗೆ ಇದ್ದರೆ ಜಂಪ್ ಸ್ಥಿರವಾಗಿರುತ್ತದೆ. ನಮ್ಮದು ಒಳ್ಳೆಯ ಜಾಗದಲ್ಲಿದೆ. 2.5ರಿಂದ 4.5ರ ನಡುವೆ ಬಿದ್ದರೆ ಎಚ್ಚರ ಬೇಕು. ಅಲ್ಲಿ ಜಂಪ್ ತೂಗಾಡುತ್ತದೆ. ಧಾರೆ ಒಮ್ಮೆ ತಳಕ್ಕೆ, ಒಮ್ಮೆ ಮೇಲಕ್ಕೆ ಹೋಗುತ್ತದೆ. ಹಾಗೆ ಎದ್ದ ಅಲೆಗಳು ಕಾಲುವೆಯಲ್ಲಿ ದೂರದವರೆಗೂ ಹೋಗಿ ದಂಡೆ ಕೆಡಿಸುತ್ತವೆ. ಸಾಧ್ಯವಿದ್ದರೆ ಬೇಸಿನ್ನಿನ ಅಗಲ ಬದಲಿಸಿ ಈ ವಲಯದಿಂದ ಹೊರಗೆ ಬನ್ನಿ. ಅದಕ್ಕೆಂದೇ ಇರುವ ಬ್ಲಾಕ್‌ಗಳಿವೆ ನಿಜ, ಆದರೆ ಹೊರಗೆ ಬರುವುದು ಅದಕ್ಕಿಂತ ಒಳ್ಳೆಯದು.

ಉದ್ದ ಎಷ್ಟು? ಬರಿಯ ನೆಲದ ಮೇಲೆ ಜಂಪಿನ ಉದ್ದ ನಂತರದ ಆಳದ ಸುಮಾರು 6 ಪಟ್ಟು, ಇಲ್ಲಿ 13 ಮೀಟರಿನ ಹತ್ತಿರ. ಅಮೆರಿಕದ ಸರಕಾರಿ ಅಣೆಕಟ್ಟು ಸಂಸ್ಥೆ ಬ್ಯೂರೋ ಆಫ್ ರಿಕ್ಲಮೇಷನ್ ರೂಪಿಸಿದ ಟೈಪ್ 3 ಬೇಸಿನ್ನಿನಲ್ಲಿ ಶುರುವಿನಲ್ಲಿ ಚ್ಯೂಟ್ ಬ್ಲಾಕ್ (ಧಾರೆಯನ್ನು ಸೀಳುವ ಕಾಂಕ್ರೀಟಿನ ಹಲ್ಲುಗಳು), ನಡುವೆ ಬ್ಯಾಫಲ್ ಬ್ಲಾಕ್ (ನೀರಿಗೆ ಅಡ್ಡ ನಿಲ್ಲುವ ದಿಮ್ಮಿಗಳು), ಕೊನೆಗೆ ಸಿಲ್ (ಅಡ್ಡ ಹೊಸ್ತಿಲು) ಇರುತ್ತವೆ. ಅವು ಇದ್ದರೆ 2.7 ಪಟ್ಟು ಸಾಕು, ಸುಮಾರು 6 ಮೀಟರ್. ಅರ್ಧಕ್ಕಿಂತ ಜಾಸ್ತಿ ಕಾಂಕ್ರೀಟು ಉಳಿಯಿತು. ಆದರೆ ಬೇಸಿನ್ನಿಗೆ ಬರುವ ವೇಗ ಸೆಕೆಂಡಿಗೆ 15ರಿಂದ 18 ಮೀಟರ್ ದಾಟಿದರೆ ಈ ಬ್ಲಾಕ್‌ಗಳನ್ನು ಹಾಕಬಾರದು. ಅವುಗಳ ಪಕ್ಕದಲ್ಲಿ ಒತ್ತಡ ಕುಸಿದು ಕ್ಯಾವಿಟೇಶನ್ (ನೀರಿನಲ್ಲಿ ಆವಿಯ ಗುಳ್ಳೆಗಳು ಎದ್ದು, ಒಡೆದು, ಕಾಂಕ್ರೀಟು ಕೊರೆಯುವುದು) ಶುರುವಾಗುತ್ತದೆ, ಬ್ಲಾಕ್ ತಾನೇ ತಿಂದುಹೋಗುತ್ತದೆ.

ಈಗ ಟೈಲ್‌ವಾಟರಿಗೆ ವಾಪಸ್ ಬನ್ನಿ. ಪ್ರವಾಹದಲ್ಲಿ ತಳಹಾಸಿನ ಮೇಲೆ 2.3 ಮೀಟರ್ ನೀರು ಇರುತ್ತದೆ ಅಂದುಕೊಳ್ಳಿ. 2.14ಕ್ಕಿಂತ ಜಾಸ್ತಿ, ಸರಿ ಅನ್ನಿಸುತ್ತದೆ. ಬೇಸಿಗೆಯಲ್ಲಿ ಇದೇ 10 ಘನ ಮೀಟರ್ ಮಾತ್ರ ನದಿಯಲ್ಲಿ ಹರಿದಾಗ 1.6 ಮೀಟರ್ ಇದ್ದರೆ? ಜಂಪ್ ಬೇಸಿನ್ನಿನಿಂದ ಹೊರಗೆ ತಳ್ಳಿಹೋಗುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ನೀರು ನೇರ ನದಿಪಾತ್ರಕ್ಕೆ ಬಡಿಯುತ್ತದೆ. ಪ್ರವಾಹಕ್ಕೆ ಸರಿಯಾಗಿದ್ದ ಬೇಸಿನ್ ಬೇಸಿಗೆಯಲ್ಲಿ ಸೋಲುತ್ತದೆ.

ಹಾಗಾಗಿ ತಳಹಾಸನ್ನು ಇನ್ನೂ ಅರ್ಧ ಮೀಟರಿಗಿಂತ ಜಾಸ್ತಿ ಇಳಿಸಬೇಕು. ಇಳಿಸಿದರೆ ವೇಗವೂ ಸ್ವಲ್ಪ ಏರುತ್ತದೆ, ಆಗ ಬೇಕಾದ ಆಳವೂ ಏರುತ್ತದೆ. ಲೆಕ್ಕ ಎರಡು ಮೂರು ಸುತ್ತು ಮಾಡಬೇಕು. ಕೊನೆಗೆ ಬೇಕಾದ ಆಳಕ್ಕಿಂತ ನೂರಕ್ಕೆ 5ರಿಂದ 10 ಜಾಸ್ತಿ ಟೈಲ್‌ವಾಟರ್ ಸಿಗುವಂತೆ ಇಡಿ. ತೀರಾ ಜಾಸ್ತಿಯೂ ಬೇಡ. ನೀರು ಬಹಳ ಆಳವಾದರೆ ಧಾರೆ ಅದರಡಿ ನುಗ್ಗಿ ತಳ ಹಿಡಿದು ಉದ್ದಕ್ಕೆ ಓಡುತ್ತದೆ. ಮೇಲೆ ನೋಡಿದರೆ ಶಾಂತ, ಕೆಳಗೆ ಕೊರೆತ.

ಅರ್ಧ ಹರಿವಿಗೂ ಒಂದು ಸಲ ಲೆಕ್ಕ ಮಾಡಿ. ಗೇಟು ಭಾಗಶಃ ತೆರೆದು 5 ಘನ ಮೀಟರ್ ಬಿಟ್ಟಾಗ ವೇಗ ಹೆಚ್ಚೇನೂ ಇಳಿಯುವುದಿಲ್ಲ. 9.5 ಮೀಟರ್ ಅಂದುಕೊಂಡರೆ ಬೇಕಾದ ಆಳ ಸುಮಾರು 1.5 ಮೀಟರ್. ಹರಿವು ಅರ್ಧವಾದರೂ ಬೇಕಾದ ಆಳ ಅರ್ಧವಾಗಲಿಲ್ಲ. ಬೇಕಾದ ಆಳದ ರೇಖೆ, ಸಿಗುವ ಆಳದ ರೇಖೆ, ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ. ಎಲ್ಲಿ ಸಿಗುವ ಆಳ ಬೇಕಾದ ಆಳಕ್ಕಿಂತ ಅತಿ ಹೆಚ್ಚು ಕೊರತೆಯಾಗುತ್ತದೋ ಅಲ್ಲೇ ನಿಮ್ಮ ವಿನ್ಯಾಸದ ಹರಿವು ಇದೆ. ಗರಿಷ್ಠ ಹರಿವೇ ಅತಿ ಕೆಟ್ಟದ್ದು ಅಂತ ಮೊದಲೇ ತೀರ್ಮಾನಿಸಬೇಡಿ.

ಕೊಳವೆಯಿಂದ ಬೇಸಿನ್ನಿಗೆ

1.2 ಮೀಟರಿನ ದುಂಡು ಧಾರೆ 4 ಮೀಟರ್ ಅಗಲಕ್ಕೆ ಹರಡಬೇಕು. ಗೋಡೆಗಳನ್ನು ಬೇಗ ಅಗಲಿಸಿದರೆ ನೀರು ಗೋಡೆ ಬಿಟ್ಟು ನಡುವೆಯೇ ಹೋಗುತ್ತದೆ, ಎರಡೂ ಬದಿಯಲ್ಲಿ ಸುಳಿ ನಿಲ್ಲುತ್ತದೆ. ಗೋಡೆ ಎಷ್ಟು ಅಗಲಿಸಬಹುದು ಅನ್ನುವುದಕ್ಕೆ ನಂಬಬಹುದಾದ ನಿಯಮ ಇದು: ಮುಂದಕ್ಕೆ ಫ್ರೌಡ್ ಸಂಖ್ಯೆಯ 3 ಪಟ್ಟು ಮೀಟರ್ ಹೋದರೆ ಪಕ್ಕಕ್ಕೆ 1 ಮೀಟರ್. ಕೊಳವೆಯ ಬಾಯಲ್ಲಿ ಫ್ರೌಡ್ ಸಂಖ್ಯೆ ಸುಮಾರು 2.7. ಅಂದರೆ 8 ಮೀಟರಿಗೆ 1 ಮೀಟರ್. ಪ್ರತಿ ಬದಿಗೆ 1.4 ಮೀಟರ್ ಹರಡಲು ಕನಿಷ್ಠ 11 ಮೀಟರ್ ಉದ್ದ ಬೇಕು. ಡ್ರಾಯಿಂಗ್‌ಗಳಲ್ಲಿ ನಾನು ನೋಡುವುದು 4 ಅಥವಾ 5 ಮೀಟರ್. ಅಂಥ ಬೇಸಿನ್ನಿನ ಅಗಲ ಕಾಗದದ ಮೇಲೆ 4 ಮೀಟರ್, ನೀರಿನ ಪಾಲಿಗೆ 2 ಮೀಟರ್. ಆಗ ಮೇಲಿನ ಜಂಪ್ ಲೆಕ್ಕವೆಲ್ಲ ತಪ್ಪುತ್ತದೆ.

ತಳವೂ ಹಾಗೆಯೇ. ಇಳಿಯುವ ನೆಲವನ್ನು ಧಾರೆ ತಾನಾಗಿ ಬೀಳುವ ವಕ್ರಕ್ಕಿಂತ ಚಪ್ಪಟೆಯಾಗಿ ಇಡಿ. ಅದಕ್ಕಿಂತ ಕಡಿದಾಗಿದ್ದರೆ ನೀರು ನೆಲ ಬಿಟ್ಟು ಮೇಲೇಳುತ್ತದೆ, ಅಡಿಯಲ್ಲಿ ಒತ್ತಡ ಕುಸಿಯುತ್ತದೆ.

ಟೈಲ್‌ವಾಟರ್ ನಂಬಲು ಆಗದಿದ್ದರೆ

ನದಿಪಾತ್ರ ಇಳಿಯುತ್ತಿದೆ, ಬೇಸಿಗೆಯಲ್ಲಿ ನೀರೇ ಇಲ್ಲ, ಅಗೆಯಲು ಬಂಡೆ ಅಡ್ಡ. ಹೀಗಿದ್ದಾಗ ಸಣ್ಣ ಔಟ್‌ಲೆಟ್‌ಗಳಿಗೆ ನಾನು ಮೊದಲು ನೋಡುವುದು ಅದೇ ಬ್ಯೂರೋದ ಟೈಪ್ 6 ಇಂಪ್ಯಾಕ್ಟ್ ಬೇಸಿನ್. ಕಾಂಕ್ರೀಟಿನ ಡಬ್ಬ, ಅದರೊಳಗೆ ಅಡ್ಡಲಾಗಿ ನೇತುಬಿಟ್ಟ ಗೋಡೆ. ಧಾರೆ ನೇರ ಹೋಗಿ ಗೋಡೆಗೆ ಬಡಿಯುತ್ತದೆ, ಹಿಂದಕ್ಕೆ ತಿರುಗುತ್ತದೆ, ಗೋಡೆಯ ಕೆಳಗಿನಿಂದ ನಿಧಾನವಾಗಿ ಹೊರಬರುತ್ತದೆ. ಟೈಲ್‌ವಾಟರ್ ಇಲ್ಲದೆಯೂ ಇದು ಕೆಲಸ ಮಾಡುತ್ತದೆ. ಅದೇ ಫ್ರೌಡ್ ಸಂಖ್ಯೆಯಲ್ಲಿ ಜಂಪಿಗಿಂತ ಜಾಸ್ತಿ ಶಕ್ತಿ ಕರಗಿಸುತ್ತದೆ. ಮಿತಿ ಇಷ್ಟು: ವೇಗ ಸೆಕೆಂಡಿಗೆ 15 ಮೀಟರ್ ಒಳಗೆ, ಒಂದು ಡಬ್ಬಕ್ಕೆ ಹರಿವು ಸುಮಾರು 11 ಘನ ಮೀಟರ್ ಒಳಗೆ.

ನಮ್ಮ ಉದಾಹರಣೆ ಇದರೊಳಗೆ ಬರುತ್ತದೆ. ಹರಿವಿನ ವಿಸ್ತೀರ್ಣವನ್ನು ಚೌಕ ಅಂತ ತೆಗೆದುಕೊಂಡರೆ ಬದಿ 1.06 ಮೀಟರ್, ಫ್ರೌಡ್ ಸಂಖ್ಯೆ 2.7. ಈ ಸಂಖ್ಯೆಗೆ ಡಬ್ಬದ ಅಗಲ ಆ ಬದಿಯ ಸುಮಾರು 5 ಪಟ್ಟು ಬೇಕು, 5.4 ಮೀಟರ್ ಅನ್ನೋಣ. ಅಗಲ ಸಿಕ್ಕಿದರೆ ಉಳಿದದ್ದೆಲ್ಲ ಅದರಿಂದಲೇ: ಉದ್ದ ಅಗಲದ ಮೂರನೇ ನಾಲ್ಕು ಭಾಗ, 7.2 ಮೀಟರ್. ಪಕ್ಕದ ಗೋಡೆಯ ಎತ್ತರ ನಾಲ್ಕನೇ ಮೂರು ಭಾಗ, ಸುಮಾರು 4 ಮೀಟರ್. ನೇತುಗೋಡೆಯ ಎತ್ತರ ಎಂಟನೇ ಮೂರು ಭಾಗ, 2 ಮೀಟರ್. ನೇತುಗೋಡೆಯ ಕೆಳಅಂಚು ಕೊಳವೆಯ ತಳದ ಮಟ್ಟಕ್ಕೆ ಇರಬೇಕು. ಅಗಲ ಜಾಸ್ತಿ ಇಟ್ಟರೆ ಒಳ್ಳೆಯದು ಅಂತ ಇಲ್ಲಿ ಹೇಳಲು ಆಗುವುದಿಲ್ಲ. ಬಹಳ ಅಗಲವಾದರೆ ಧಾರೆ ಬಡಿಯುವ ಬದಲು ಗೋಡೆಯ ಅಡಿಯಿಂದ ಜಾರಿಹೋಗುತ್ತದೆ.

ಈ ಡಬ್ಬದಲ್ಲಿ ಎರಡು ತೊಂದರೆಗಳಿವೆ. ಕಸಕಡ್ಡಿ, ಮರದ ತುಂಡು ಬಂದರೆ ನೇತುಗೋಡೆಯ ಹಿಂದೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಕಸ ತಡೆಯುವ ಸರಳುಗಳನ್ನು ಕೊಳವೆಯ ಮೇಲ್ತುದಿಯಲ್ಲೇ ಹಾಕಬೇಕು. ಇನ್ನೊಂದು, ಒಳಗೆ ಬಿದ್ದ ಮನುಷ್ಯ ಹೊರಗೆ ಬರಲಾರ. ಮೇಲೆ ಬೇಲಿ, ಗೋಡೆಯ ಮೇಲೆ ಕೈಗಂಬಿ ಇಲ್ಲದ ಇಂಪ್ಯಾಕ್ಟ್ ಬೇಸಿನ್ ಡ್ರಾಯಿಂಗಿಗೆ ನಾನು ಸಹಿ ಹಾಕುವುದಿಲ್ಲ.

ವೇಗ ಇನ್ನೂ ಜಾಸ್ತಿ, ಕೆಳಗೆ ಗಟ್ಟಿ ಬಂಡೆ ಇದ್ದರೆ ಫ್ಲಿಪ್ ಬಕೆಟ್. ನೀರನ್ನು ಮೇಲಕ್ಕೆ ಚಿಮ್ಮಿಸಿ ರಚನೆಯಿಂದ ದೂರ ಬೀಳಿಸುವುದು. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ 30 ಡಿಗ್ರಿ ಕೋನದಲ್ಲಿ ಹೊರಟ ಧಾರೆ ಅದೇ ಮಟ್ಟದಲ್ಲಿ ಸುಮಾರು 55 ಮೀಟರ್ ದೂರ ಬೀಳುತ್ತದೆ. ಕೆಳಮಟ್ಟದಲ್ಲಾದರೆ ಇನ್ನೂ ದೂರ. ಬೀಳುವ ಜಾಗದಲ್ಲಿ ಗುಂಡಿ ಆಗಿಯೇ ಆಗುತ್ತದೆ. ಪ್ರಶ್ನೆ ಎಷ್ಟು ಆಳ ಅನ್ನುವುದು. ಆಫ್ರಿಕದ ಜಾಂಬೆಜಿ ನದಿಯ ಕರೀಬಾ ಅಣೆಕಟ್ಟಿನ ಗೇಟುಗಳಿಂದ ಬಿದ್ದ ನೀರು ಬಂಡೆಯಲ್ಲೇ ಸುಮಾರು 80 ಮೀಟರ್ ಆಳದ ಗುಂಡಿ ಕೊರೆಯಿತು. ಬಂಡೆ ಅಂದ ಮಾತ್ರಕ್ಕೆ ಗಟ್ಟಿ ಅಲ್ಲ. ಬಿರುಕುಗಳ ದಿಕ್ಕು, ಅಂತರ ನೋಡಿ. ನೀರಿನ ಒತ್ತಡ ಬಿರುಕಿನೊಳಗೆ ಹೊಕ್ಕು ಬಂಡೆಯನ್ನು ತುಂಡು ತುಂಡಾಗಿ ಎತ್ತುತ್ತದೆ.

ಬಕೆಟ್ಟಿನ ಬಗ್ಗೆ ಇನ್ನೊಂದು ಮಾತು. ಹರಿವು ಬಹಳ ಕಡಿಮೆ ಇದ್ದಾಗ ನೀರು ಚಿಮ್ಮುವುದಿಲ್ಲ. ಬಕೆಟ್ ತುಂಬಿ ತುಟಿಯಿಂದ ಜಿನುಗಿ ನೇರ ಬುಡಕ್ಕೆ ಬೀಳುತ್ತದೆ. ಆ ಬುಡದಲ್ಲಿ ಕಾಂಕ್ರೀಟು ಹಾಸು, ಬಂಡೆಗೆ ಇಳಿದ ಕಟ್‌ಆಫ್ ಗೋಡೆ (ಹಾಸಿನ ಅಡಿ ಕೊರೆಯದಂತೆ ತಡೆಯುವ ಗೋಡೆ) ಇರಲೇಬೇಕು.

ಸುರಂಗದ ಕೊನೆಯಲ್ಲಿ ಗಾಳಿ

ಈಗ ಸುರಂಗದೊಳಗೆ ಬರಬಹುದು. ಒತ್ತಡದಲ್ಲಿ ತುಂಬಿ ಹರಿಯಬೇಕಾ, ಕಾಲುವೆಯಂತೆ ಮೇಲೆ ಗಾಳಿ ಇಟ್ಟುಕೊಂಡು ಹರಿಯಬೇಕಾ, ಮೊದಲೇ ನಿರ್ಧರಿಸಿ. ನಡುವಿನ ಸ್ಥಿತಿ ಅತಿ ಕೆಟ್ಟದ್ದು. ಸುರಂಗ ಒಮ್ಮೆ ತುಂಬುತ್ತದೆ, ಒಮ್ಮೆ ಖಾಲಿಯಾಗುತ್ತದೆ, ಗಾಳಿಯ ದೊಡ್ಡ ಗುಳ್ಳೆಗಳು ಬಾಯಲ್ಲಿ ಸಿಡಿಯುತ್ತವೆ. ತೆರೆದ ಹರಿವಿನ ಸುರಂಗದಲ್ಲಿ ನೀರು ಎತ್ತರದ ನಾಲ್ಕನೇ ಮೂರು ಭಾಗ ದಾಟದಂತೆ ನೋಡಿಕೊಳ್ಳಿ. ತುಂಬಿ ಹರಿಯುವುದಾದರೆ ಬಾಯನ್ನು ಸ್ವಲ್ಪ ಕಿರಿದಾಗಿಸಿ. ವಿಸ್ತೀರ್ಣ ನೂರಕ್ಕೆ 10ರಿಂದ 15 ಕಡಿಮೆ ಮಾಡಿದರೆ ಸುರಂಗದ ಚಾವಣಿಯಲ್ಲಿ ಒತ್ತಡ ವಾತಾವರಣಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಗೇಟು ಸುರಂಗದ ನಡುವೆ ಇದ್ದರೆ ಅದರ ಹಿಂದೆಯೇ (ನೀರು ಹರಿದುಹೋಗುವ ಬದಿಯಲ್ಲಿ) ಗಾಳಿ ಕೊಳವೆ ಬೇಕು. ಓಡುವ ನೀರು ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಹೊಸ ಗಾಳಿ ಬರದಿದ್ದರೆ ನಿರ್ವಾತ, ಗೇಟಿನ ನಡುಕ. ಎಷ್ಟು ಗಾಳಿ? ಗೇಟಿನ ಹಿಂದಿನ ಫ್ರೌಡ್ ಸಂಖ್ಯೆಯಿಂದ 1 ಕಳೆದು, ಅದನ್ನು 1.06 ಘಾತಕ್ಕೆ ಏರಿಸಿ, 0.03ರಿಂದ ಗುಣಿಸಿ. ಅದು ನೀರಿಗೆ ಗಾಳಿಯ ಪ್ರಮಾಣ. ವೇಗ 20 ಮೀಟರ್, ಆಳ 1 ಮೀಟರ್ ಇದ್ದರೆ ಫ್ರೌಡ್ ಸಂಖ್ಯೆ 6.4, ಗಾಳಿ ನೀರಿನ ನೂರಕ್ಕೆ 18. ಹರಿವು 30 ಘನ ಮೀಟರ್ ಇದ್ದರೆ ಗಾಳಿ 5.4 ಘನ ಮೀಟರ್. ಕೊಳವೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 45 ಮೀಟರ್ ದಾಟಬಾರದು. ಹಾಗಾದರೆ ವ್ಯಾಸ ಕನಿಷ್ಠ 40 ಸೆಂಟಿಮೀಟರ್. ಜನ ಓಡಾಡುವ ಕಡೆ ಅದರ ಬಾಯಿ ಇಡಬೇಡಿ.

ವೇಗ 25, 30 ಮೀಟರಿನ ಹತ್ತಿರ ಬಂದರೆ ಕ್ಯಾವಿಟೇಶನ್ ಲೆಕ್ಕ ಮಾಡಿ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರಿಗೆ ಸಮ. ಅದಕ್ಕೆ ನೀರಿನ ಆಳ ಸೇರಿಸಿ, ಆವಿಯ ಒತ್ತಡ ಸುಮಾರು 0.2 ಮೀಟರ್ ಕಳೆದು, ವೇಗದ ಹೆಡ್ಡಿನಿಂದ ಭಾಗಿಸಿ. ಬರುವ ಸಂಖ್ಯೆ 0.2ಕ್ಕಿಂತ ಕಡಿಮೆಯಾದರೆ ಅಪಾಯ. 2 ಮೀಟರ್ ಆಳದ ನೀರು 25 ಮೀಟರ್ ವೇಗದಲ್ಲಿದ್ದರೆ 0.38, ಪರವಾಗಿಲ್ಲ. 35 ಮೀಟರ್ ವೇಗದಲ್ಲಿ 0.19.

ಅಷ್ಟು ವೇಗದಲ್ಲಿ ಕಾಂಕ್ರೀಟಿನ ಒಂದು ಸಣ್ಣ ಉಬ್ಬು, ಜೋಡಣೆಯ ಒಂದು ಮೆಟ್ಟಿಲು ಸಾಕು. 1941ರಲ್ಲಿ ಹೂವರ್ ಅಣೆಕಟ್ಟಿನ ಅರಿಜೋನಾ ಬದಿಯ ಕೋಡಿ ಸುರಂಗದಲ್ಲಿ ಹೀಗೆ ಸುಮಾರು 35 ಮೀಟರ್ ಉದ್ದ, 9 ಮೀಟರ್ ಅಗಲ, 13 ಮೀಟರಿಗಿಂತ ಆಳದ ಗುಂಡಿ ಬಿತ್ತು. 1983ರಲ್ಲಿ ಕೊಲೊರಾಡೊ ನದಿಯ ಪ್ರವಾಹಕ್ಕೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಕೋಡಿ ಸುರಂಗಗಳೂ ಇದೇ ರೀತಿ ಕೆಟ್ಟವು. ಆಮೇಲೆ ಅಲ್ಲಿ ಸುರಂಗದ ಒಳಮೈಗೆ ಗಾಳಿ ಎಳೆದುಕೊಳ್ಳುವ ತೋಡು ಕೊರೆದರು. ತಳದ ನೀರಿನಲ್ಲಿ ನೂರಕ್ಕೆ 7, 8 ಭಾಗ ಗಾಳಿ ಬೆರೆತರೆ ಕಾಂಕ್ರೀಟು ಹೆಚ್ಚುಕಡಿಮೆ ಉಳಿಯುತ್ತದೆ. ಇನ್ನೂ ಗಟ್ಟಿ ಕಾಂಕ್ರೀಟು ಹಾಕುವುದಕ್ಕಿಂತ ಗಾಳಿ ಬೆರೆಸುವುದು ಖಂಡಿತ ಒಳ್ಳೆಯ ಉಪಾಯ.

ತಳಹಾಸು ಮೇಲೇಳದಂತೆ

ಬೇಸಿನ್ನಿನ ನೆಲ ನೀರಿನ ಭಾರಕ್ಕೆ ಒಡೆಯುವುದಕ್ಕಿಂತ, ಅಡಿಯ ಒತ್ತಡಕ್ಕೆ ಮೇಲೇಳುವುದೇ ಜಾಸ್ತಿ. ನಮ್ಮ ಬೇಸಿನ್ ನೋಡಿ. ಜಂಪ್ ಶುರುವಾಗುವ ಜಾಗದಲ್ಲಿ ನೆಲದ ಮೇಲೆ 0.25 ಮೀಟರ್ ನೀರು. ಆದರೆ ನೆಲದ ಅಡಿಯ ಮಣ್ಣಿಗೆ ಟೈಲ್‌ವಾಟರಿನ ಒತ್ತಡ ತಲುಪಿರಬಹುದು, 2.1 ಮೀಟರ್. ಚದರ ಮೀಟರಿಗೆ ಸುಮಾರು 1.85 ಟನ್ ಮೇಲಕ್ಕೆ ಒತ್ತುತ್ತಿದೆ. ಅರ್ಧ ಮೀಟರ್ ದಪ್ಪದ ಕಾಂಕ್ರೀಟಿನ ತೂಕ 1.2 ಟನ್, ನೀರಿನಲ್ಲಿ ಮುಳುಗಿದ್ದರಿಂದ ಲೆಕ್ಕಕ್ಕೆ ಸಿಗುವುದು 0.7 ಟನ್. ತೂಕ ಸಾಲದು. ಒಂದೋ 1.35 ಮೀಟರಿಗಿಂತ ದಪ್ಪ ಮಾಡಿ, ಇಲ್ಲ ಬಂಡೆಗೆ ಆಂಕರ್ (ಹಾಸನ್ನು ಹಿಡಿದಿಡುವ ಉಕ್ಕಿನ ಸರಳು) ಹೊಡೆಯಿರಿ, ಇಲ್ಲ ಅಡಿಯಲ್ಲಿ ಫಿಲ್ಟರ್ (ನೀರು ಬಿಟ್ಟು ಮಣ್ಣು ತಡೆಯುವ ಜಲ್ಲಿ-ಮರಳಿನ ಪದರ) ಸಹಿತ ಬಸಿಗಾಲುವೆ ಕೊಟ್ಟು ಒತ್ತಡ ಇಳಿಸಿ.

ಇದು ನಿಂತ ನೀರಿನ ಲೆಕ್ಕ. ಜಂಪಿನ ಅಡಿಯಲ್ಲಿ ಒತ್ತಡ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆ ಏರಿಳಿತ ತೆರೆದ ಜೋಡಣೆಯಿಂದ ಒಳಹೊಕ್ಕು ಹಾಸಿನ ಅಡಿಯಲ್ಲಿ ಹರಡಿದರೆ ಎಂಥ ತೂಕವೂ ತಡೆಯುವುದಿಲ್ಲ. ಮೆಕ್ಸಿಕೋದ ಮಲ್ಪಾಸೊ ಅಣೆಕಟ್ಟಿನಲ್ಲಿ 1970ರ ಸುಮಾರಿಗೆ 12 ಮೀಟರ್ ಚೌಕದ, 2 ಮೀಟರ್ ದಪ್ಪದ ಹಾಸುಗಳೇ ಕಿತ್ತುಹೋದವು. ಒಂದೊಂದೂ ಸುಮಾರು 700 ಟನ್. ಅದಕ್ಕೇ ಜೋಡಣೆಗಳಲ್ಲಿ ವಾಟರ್‌ಸ್ಟಾಪ್ (ನೀರು ಒಳಹೋಗದಂತೆ ತಡೆಯುವ ಪಟ್ಟಿ) ಇರಲಿ. ಜಂಪ್ ಬಡಿಯುವ ಜಾಗದಲ್ಲಿ ನೆಲಕ್ಕೆ ತೆರೆದ ರಂಧ್ರ ಕೊಡಬೇಡಿ. ಕೆಳಗಿನ ಹಾಸಿನ ಅಂಚು ಮೇಲಿನ ಹಾಸಿಗಿಂತ ಕೂದಲೆಳೆಯಷ್ಟೂ ಎತ್ತರ ಇರಬಾರದು. ನೀರಿಗೆ ಎದುರಾಗಿ ನಿಂತ ಮೆಟ್ಟಿಲು ವೇಗದ ಹೆಡ್ಡನ್ನು ಪೂರ್ತಿ ಹಾಸಿನ ಅಡಿಗೆ ತಳ್ಳುತ್ತದೆ. ರಿಪೇರಿಗೆ ಬೇಸಿನ್ ಖಾಲಿ ಮಾಡುವ ದಿನದ ಲೆಕ್ಕವನ್ನೂ ಮರೆಯಬೇಡಿ. ಆವತ್ತು ಮೇಲೆ ನೀರೇ ಇರುವುದಿಲ್ಲ.

ಬೇಸಿನ್ ಮುಗಿದ ಮೇಲೆ

ಬೇಸಿನ್ನಿನಿಂದ ಹೊರಬರುವ ನೀರಿನ ಸರಾಸರಿ ವೇಗ ಕಡಿಮೆ ಇದ್ದರೂ ಕಲಕು ಬಹಳ. ಹೊರಗಿನ ಕಲ್ಲಿನ ಹಾಸಿಗೆ ಗಾತ್ರ ಹುಡುಕುವಾಗ ಈ ಕಲಕನ್ನು ಲೆಕ್ಕಕ್ಕೆ ಹಿಡಿಯಬೇಕು. ತಳದ ಹತ್ತಿರ ಸೆಕೆಂಡಿಗೆ 3 ಮೀಟರ್ ವೇಗಕ್ಕೆ ಇಸ್ಬಾಶ್ ಸೂತ್ರದಂತೆ ಶಾಂತ ಹರಿವಿನಲ್ಲಿ 19 ಸೆಂಟಿಮೀಟರ್ ಕಲ್ಲು ಸಾಕು. ಕಲಕು ಹರಿವಿನಲ್ಲಿ 38 ಸೆಂಟಿಮೀಟರ್ ಬೇಕು. ಎರಡು ಪಟ್ಟು ಗಾತ್ರ ಅಂದರೆ ಎಂಟು ಪಟ್ಟು ತೂಕ. ಕಲ್ಲಿನ ಅಡಿಯಲ್ಲಿ ಫಿಲ್ಟರ್ ಪದರ ಇಲ್ಲದಿದ್ದರೆ ಮಣ್ಣು ಸಂದಿಗಳಿಂದ ಹೊರಟುಹೋಗಿ ಎಷ್ಟೇ ದೊಡ್ಡ ಕಲ್ಲಾದರೂ ಕುಸಿಯುತ್ತದೆ.

ಕಲ್ಲುಗಳು ಬೇಸಿನ್ನಿಗೆ ವಾಪಸ್ ಬರುವುದನ್ನೂ ತಡೆಯಬೇಕು. ಎರಡು ಗೇಟುಗಳಲ್ಲಿ ಒಂದನ್ನೇ ತೆರೆದರೆ ಬೇಸಿನ್ನಿನ ಒಂದು ಬದಿಯಲ್ಲಿ ನೀರು ಹೊರಗೆ, ಇನ್ನೊಂದು ಬದಿಯಲ್ಲಿ ಒಳಗೆ ಹರಿಯುತ್ತದೆ. ಆ ಸುಳಿ ಹೊರಗಿನ ಕಲ್ಲನ್ನು ಒಳಗೆಳೆಯುತ್ತದೆ. ಆಮೇಲೆ ಕಲ್ಲು ರುಬ್ಬುಗುಂಡಿನಂತೆ ಒಂದೇ ಜಾಗದಲ್ಲಿ ತಿರುಗುತ್ತಾ ಕಾಂಕ್ರೀಟು ಸವೆಸುತ್ತದೆ. ಕಬ್ಬಿಣದ ಸರಳು ಕಾಣುವವರೆಗೂ ಸವೆದ ನೆಲಗಳನ್ನು ನಾನು ನೋಡಿದ್ದೇನೆ, ಗುಂಡಿಯೊಳಗೆ ನುಣ್ಣಗಾದ ಕಲ್ಲುಗಳ ಸಮೇತ. ಇದಕ್ಕೆ ಎರಡು ಕೆಲಸ ಮಾಡಿ. ಗೇಟುಗಳ ನಡುವೆ ವಿಭಜಕ ಗೋಡೆ ಕೊಟ್ಟು ಪ್ರತಿ ಗೇಟಿಗೂ ಪ್ರತ್ಯೇಕ ಬೇಸಿನ್ ಮಾಡಿ. ಸಿಲ್ ಪಕ್ಕದ ಮೊದಲ ಕೆಲವು ಮೀಟರಿನ ಕಲ್ಲನ್ನು ಸಿಮೆಂಟು ಗಾರೆ ತುಂಬಿ ಹಿಡಿಸಿ, ಮಟ್ಟವನ್ನು ಸಿಲ್‌ಗಿಂತ ಸ್ವಲ್ಪ ಕೆಳಗಿಡಿ.

ಮಾದರಿ ಪರೀಕ್ಷೆ, ಮೊದಲ ಓಟ

ಪ್ರಮಾಣಿತ ಆಕಾರ, ಮಿತಿಯೊಳಗಿನ ವೇಗ ಇದ್ದರೆ ಮಾದರಿ ಪರೀಕ್ಷೆ ಬೇಡ. ತಿರುವಿನಲ್ಲಿ ಬಾಯಿ ಇದ್ದರೆ, ಹಲವು ಗೇಟು ಒಂದೇ ಬೇಸಿನ್ನಿಗೆ ಬಿದ್ದರೆ, ವೇಗ 15 ಮೀಟರ್ ದಾಟಿದರೆ ಮಾಡಿಸಿ. 25ರಲ್ಲಿ 1 ಅಳತೆಯ ಮಾದರಿಯಲ್ಲಿ ವೇಗ 5ರಲ್ಲಿ 1, ಹರಿವು 3125ರಲ್ಲಿ 1. ನಮ್ಮ 10 ಘನ ಮೀಟರಿಗೆ ಅಲ್ಲಿ ಸೆಕೆಂಡಿಗೆ 3.2 ಲೀಟರ್ ಸಾಕು. ಜಂಪ್ ಎಲ್ಲಿ ಕೂರುತ್ತದೆ, ಸುಳಿ ಎಲ್ಲಿ ಏಳುತ್ತದೆ, ಕೊರೆತ ಯಾವ ಕಡೆ ಅನ್ನುವುದನ್ನು ಮಾದರಿ ಚೆನ್ನಾಗಿ ತೋರಿಸುತ್ತದೆ. ಗಾಳಿ ಬೆರೆಯುವುದನ್ನು ತೋರಿಸುವುದಿಲ್ಲ. ಅಷ್ಟು ಸಣ್ಣ ಅಳತೆಯಲ್ಲಿ ನೀರಿನ ಮೇಲ್ಮೈ ಎಳೆತ ಗುಳ್ಳೆಗಳನ್ನು ತಡೆದುಬಿಡುತ್ತದೆ. ಮಾದರಿಯ ನೀರು ಗಾಜಿನಂತೆ ತಿಳಿಯಾಗಿದೆ ಅಂತ ಪಕ್ಕದ ಗೋಡೆ ಗಿಡ್ಡ ಮಾಡಬೇಡಿ. ನಿಜವಾದ ನೀರು ಗಾಳಿ ತುಂಬಿಕೊಂಡು ಉಬ್ಬಿರುತ್ತದೆ.

ಕಟ್ಟಿ ಮುಗಿದ ಮೇಲೆ ಗೇಟನ್ನು ಹಂತ ಹಂತವಾಗಿ ತೆರೆಸಿ. ಪ್ರತಿ ಹಂತದಲ್ಲೂ ಟೈಲ್‌ವಾಟರ್ ನಿಂತ ಮೇಲೆ ಜಂಪಿನ ಮುಂಭಾಗ ತಳಹಾಸಿನ ತುದಿಯಿಂದ ಎಷ್ಟು ದೂರದಲ್ಲಿದೆ ಅಂತ ಗೋಡೆಯ ಮೇಲಿನ ಅಳತೆ ಗುರುತು ನೋಡಿ ಬರೆದುಕೊಳ್ಳಿ. ಈ ಗುರುತುಗಳನ್ನು ಕಟ್ಟುವಾಗಲೇ ಹಾಕಿಸಿ, ಆಮೇಲೆ ಯಾರೂ ಹಾಕುವುದಿಲ್ಲ. ಮೊದಲ ಮಳೆಗಾಲ ಮುಗಿದ ಕೂಡಲೇ ಬೇಸಿನ್ ಬಸಿದು ಒಳಗಿಳಿದು ನೋಡಿ. ಅಡಿಯ ನೀರಿನ ಒತ್ತಡ ಅಳೆದ ನಂತರವೇ ಬಸಿಯಬೇಕು. ಜೋಡಣೆಗಳ ಅಂಚು ಕೈಯಾಡಿಸಿ ನೋಡಿ, ಒಳಗೆ ಬಿದ್ದ ಕಲ್ಲು ಒಂದೂ ಬಿಡದೆ ತೆಗೆಸಿ. ಕೆಳಗಿನ ನದಿಯ ಅಡ್ಡಕೊಯ್ತವನ್ನು ವಿನ್ಯಾಸದ ವೇಳೆ ಅಳೆದ ಅದೇ ಜಾಗಗಳಲ್ಲಿ ಮತ್ತೆ ಅಳೆಸಿ. ಪಾತ್ರ ಇಳಿದಿದ್ದರೆ ಟೈಲ್‌ವಾಟರ್ ರೇಖೆಯನ್ನು ಹೊಸದಾಗಿ ಬರೆದು, ಬೇಕಾದ ಆಳದ ರೇಖೆಯ ಪಕ್ಕದಲ್ಲಿಟ್ಟು, ಗೇಟು ತೆರೆಯುವ ಹಂತಗಳನ್ನು ಅದಕ್ಕೆ ತಕ್ಕಂತೆ ತಿದ್ದಿ ನಿರ್ವಾಹಕರಿಗೆ ಕೊಡಿ.